ಸ್ಪಾನ್ಸರ್ ಸಹಿ

ಜನವರಿ 13, ಸೋಮವಾರ

ನನ್ನ ಗಂಡ ಆಲ್ವಿನ್ ಆಫೀಸಿನಿಂದ ತಂದ ಈ ಡೈರಿಯನ್ನು ಸಾಮಾನಿನ ಪಟ್ಟಿ ಬರೆಯಲಿಕ್ಕೆ ಇಟ್ಟುಕೊಂಡಿದ್ದೆ. ಇವತ್ತು ಪಟ್ಟಿ ಬರೆಯುವ ಮನಸ್ಸಿಲ್ಲ. ಯಾರಿಗಾದರೂ ಬೈಯಬೇಕು, ಮನೆಯಲ್ಲಿ ಕೇಳುವವರಿಲ್ಲ.

ಮಧ್ಯಾಹ್ನ ಶಾಲೆಯ ಆ್ಯಪ್‌ನಲ್ಲಿ ಸುತ್ತೋಲೆ ಬಂತು. ನಮ್ಮ ಶಾಲೆಯನ್ನೂ ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಇದೇ ಮ್ಯಾನೇಜ್‌ಮೆಂಟಿನ ಇನ್ನೊಂದು ಶಾಲೆಯನ್ನೂ ಒಂದು ಮಾಡುತ್ತಾರಂತೆ. ಒಂದು ಮಾಡುವುದು ಎಂದರೆ ನಮ್ಮದಕ್ಕೆ ಬೀಗ ಹಾಕಿ ಮಕ್ಕಳನ್ನು ಅಲ್ಲಿಗೆ ಸಾಗಿಸುವುದು. ಏಪ್ರಿಲಿನಿಂದ. ಆ ಶಾಲೆಯವರು ಆಗಲೇ ಒಪ್ಪಿಯಾಗಿದೆ. ನಮ್ಮ ಹೆತ್ತವರ ಅಭಿಪ್ರಾಯವನ್ನು ಫೆಬ್ರವರಿ 13ಕ್ಕೆ ಕೇಳುತ್ತಾರೆ, ಕುಟುಂಬಕ್ಕೆ ಒಂದು ಫಾರ್ಮ್.

ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಬಿಲ್ಡಿಂಗಿನಿಂದ ಶಾಲೆಗೆ ನಾಲ್ಕು ನಿಮಿಷ. ಅಡುಗೆಮನೆಯ ಕಿಟಕಿ ತೆಗೆದರೆ ಬೆಲ್ ಕೇಳುತ್ತದೆ. ಏಳು ವರ್ಷದಿಂದ ಸ್ಟೇಸಿಯನ್ನು ನಾನೇ ನಡೆಸಿಕೊಂಡು ಹೋಗಿ ಬಿಡುವುದು, ನಾನೇ ಕರೆದುಕೊಂಡು ಬರುವುದು. ನನಗೆ ಕೆಲಸ ಇಲ್ಲ, ಡ್ರೈವಿಂಗ್ ಲೈಸೆನ್ಸ್ ಇಲ್ಲ. ಈ ಊರಿನಲ್ಲಿ ನನ್ನದು ಅಂತ ಇರುವುದು ಆ ನಾಲ್ಕು ನಿಮಿಷದ ದಾರಿ ಮತ್ತು ಗೇಟಿನ ಹತ್ತಿರ ಸಿಗುವ ಹೆಂಗಸರು. ಅದನ್ನು ಕಿತ್ತುಕೊಳ್ಳಲಿಕ್ಕೆ ಇವರು ಯಾರು?

ಸ್ಟೇಸಿಗೆ ಹೇಳಿದೆ. "ದೇ ಹ್ಯಾವ್ ಎ ಪೂಲ್, ಮಮ್ಮಾ" ಅಂದಳು. ಹನ್ನೆರಡು ವರ್ಷದ ಹುಡುಗಿಗೆ ಈಜುಕೊಳ ತೋರಿಸಿದರೆ ಸಾಕು, ತಾಯಿಯನ್ನು ಮರೆತಳು.

ಆಲ್ವಿನ್ ಬಂದದ್ದು ಎಂಟೂಕಾಲಿಗೆ. ಮುಸಫ್ಫಾದ ಆಫೀಸು ಐದೂವರೆಗೇ ಬಿಡುತ್ತದೆ. ಯಾಕೆ ತಡ ಅಂತ ಕೇಳಿದೆ, ಕೇಳುತ್ತಲೇ ಸಾರು ಬಿಸಿ ಮಾಡಲು ಹೋದೆ. ಕೆಫೆಟೇರಿಯಾದಲ್ಲಿ ಗೆಳೆಯರೊಂದಿಗೆ ಸುಲೈಮಾನಿ ಚಹಾ, ಮತ್ತೇನು. ಶಾಲೆಯ ವಿಷಯ ಹೇಳಿದ್ದಕ್ಕೆ "ಹೂಂ" ಅಂದರು. ಅರ್ಧ ಕಣ್ಣು ಮುಚ್ಚಿಕೊಂಡೇ ಉಂಡು ಮಲಗಿದರು.

ಜನವರಿ 14, ಮಂಗಳವಾರ

ಗೇಟಿನ ಹತ್ತಿರ ಯುದ್ಧ ಘೋಷಣೆ ಆಯಿತು. ನಮ್ಮ ಕಡೆಯ ಮುಖ್ಯ ಸೇನಾನಿಗಳು ಮೂವರು. ನಾನು. ಕಾಪುವಿನ ರಾಜೀವಿ, ಅವಳ ಮಗಳು ಸ್ಟೇಸಿಯ ಕ್ಲಾಸು. ಮತ್ತು ಕಾಂತಮ್ಮ, ಮಂಡ್ಯ ಕಡೆಯವರು, ಅವಳಿ ಮೊಮ್ಮಕ್ಕಳನ್ನು ಬಿಡಲು ಬರುತ್ತಾರೆ.

"ಎಂತ ಮಾರಾಯ್ತಿ ಇದು, ಬಸ್ಸು ಐದೂ ಮುಕ್ಕಾಲಿಗೆ ಬರ್ತದಂತೆ! ನಾನು ನಾಲ್ಕು ಗಂಟೆಗೆ ಎದ್ದು ದೋಸೆ ಹೊಯ್ಯುದಾ?" ಅಂದಳು ರಾಜೀವಿ.

"ಬುಡಬಾರದು ಕಣವ್ವ" ಅಂದರು ಕಾಂತಮ್ಮ. "ನಾನೇ ಮುಂದೆ ನಿಂತ್ಕೊತೀನಿ. ಯಾರ್ ಬತ್ತಾರೋ ಬರ್ಲಿ."

ಕಾಂತಮ್ಮ ಇಲ್ಲಿರುವುದು ವಿಸಿಟ್ ವೀಸಾದಲ್ಲಿ. ಆದರೂ ನಮ್ಮೆಲ್ಲರಿಗಿಂತ ಧೈರ್ಯ ಅವರಿಗೇ ಹೆಚ್ಚು.

ಸಹಿ ಸಂಗ್ರಹ ಮಾಡುವುದೆಂದು ತೀರ್ಮಾನ. ವಾಟ್ಸ್ಆ್ಯಪ್ ಗುಂಪಿಗೆ 'ನಮ್ಮ ಶಾಲೆ ನಮ್ಮಲ್ಲೇ' ಎಂದು ಹೆಸರಿಟ್ಟೆವು. ಸಂಚಾಲಕಿ ನಾನು. ಹದಿನಾಲ್ಕು ವರ್ಷದ ಅಬುಧಾಬಿ ವಾಸದಲ್ಲಿ ನನಗೆ ಸಿಕ್ಕಿದ ಮೊದಲ ಹುದ್ದೆ ಇದು.

ಜನವರಿ 18, ಶನಿವಾರ

ಅರುವತ್ತೊಂದು ಸಹಿ.

ಸ್ಟೇಸಿ ಈಗ ನನಗಿಂತ ಐವತ್ತು ಹೆಜ್ಜೆ ಮುಂದೆ ನಡೆಯುತ್ತಾಳೆ. ಬೇಗ ನಡೆದರೆ ಆರೋಗ್ಯಕ್ಕೆ ಒಳ್ಳೆಯದಂತೆ. ಒಳ್ಳೆಯದೇ. ಗೇಟಿನ ಹತ್ತಿರ ಹೋಗಿ ಬೆನ್ನು ತೋರಿಸಿ ನಿಲ್ಲುವುದು ಯಾವ ಆರೋಗ್ಯಕ್ಕೋ ಗೊತ್ತಾಗಲಿಲ್ಲ.

ಜನವರಿ 22, ಬುಧವಾರ

ಸಂಜೆ ಝೂಮ್‌ನಲ್ಲಿ ಎರಡೂ ಶಾಲೆಗಳ ಹೆತ್ತವರ ಚರ್ಚೆ. ಆ ಕಡೆಯ ಪ್ರತಿನಿಧಿ ಕ್ಲೈವ್ ಅಂತ, ಶಿರ್ವದವನು. ನನ್ನ ತಾಯಿಯ ಊರಿನವನೇ ವೈರಿ ಪಾಳೆಯದ ದಳಪತಿ!

"ವೆಲಿಟಾ ಬಾಯಿ, ಒಮ್ಮೆ ಬಂದು ನೋಡಿ. ನಮ್ಮಲ್ಲಿ ಮೈದಾನ ಉಂಟು, ಲ್ಯಾಬ್ ಉಂಟು, ಲೈಬ್ರರಿ ಉಂಟು. ನಿಮ್ಮಲ್ಲಿ ಮಕ್ಕಳು ಪಾರ್ಕಿಂಗ್ ಲಾಟಿನಲ್ಲಿ ಸ್ಪೋರ್ಟ್ಸ್ ಡೇ ಮಾಡುದಲ್ಲ?"

ಅದು ನಿಜ. ಆದರೆ ನಿಜವನ್ನೆಲ್ಲ ಝೂಮ್‌ನಲ್ಲಿ ಒಪ್ಪಿಕೊಳ್ಳಲಾಗುತ್ತದೆಯೇ? "ನಿಮ್ಮ ಮೈದಾನದ ಮರಳು ಗಾಳಿಗೆ ಹಾರಿ ಲೈಬ್ರರಿಗೇ ಬರ್ತದಂತೆ, ಹೌದಾ?" ಎಂದು ಕೇಳಿದೆ. ನಮ್ಮ ಹೆಂಗಸರು ಚಪ್ಪಾಳೆಯ ಚಿತ್ರ ಹಾಕಿದರು. ಕಾಂತಮ್ಮ ಮ್ಯೂಟ್ ತೆಗೆಯಲು ತಿಳಿಯದೆ ಹದಿನೈದು ನಿಮಿಷ ಭಾಷಣ ಮಾಡಿದರು. ಬಾಯಿ ಆಡುವುದನ್ನು ನೋಡಿದರೆ ಒಳ್ಳೆಯ ಭಾಷಣವೇ ಇರಬೇಕು.

ಆಲ್ವಿನ್ ಚರ್ಚೆ ಮುಗಿದ ಮೇಲೆ ಬಂದರು. ಹೆಂಡತಿಯ ಮೊದಲ ಭಾಷಣ ಕೇಳಲಿಲ್ಲ. ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಜನವರಿ 28, ಮಂಗಳವಾರ

ಮಾನ ಹೋಯಿತು.

ನೂರ ಹನ್ನೆರಡು ಸಹಿ! ಎರಡು ವಾರ ಬಿಸಿಲಿನಲ್ಲಿ ನಿಂತು ಮಾಡಿದ್ದು. ಒಳ್ಳೆಯ ಫೈಲಿಗೆ ಹಾಕಿ ಮೂವರೂ ಸೀರೆ ಉಟ್ಟು ಆಫೀಸಿಗೆ ಹೋದೆವು. ಆಫೀಸಿನ ಸುಸನ್ ಮ್ಯಾಡಮ್ ಮೊದಲ ಪುಟ ತಿರುಗಿಸಿದರು, ಎರಡನೆಯದು ತಿರುಗಿಸಿದರು, ಕನ್ನಡಕ ತೆಗೆದರು.

"ಇದೆಲ್ಲ ತಾಯಂದಿರ ಸಹಿ ಅಲ್ವಾ? ಸ್ಪಾನ್ಸರ್ ಸಹಿ ಎಲ್ಲುಂಟು?"

ಈ ದೇಶದಲ್ಲಿ ಮಗುವಿನ ವೀಸಾ ಯಾರ ಹೆಸರಿನಲ್ಲಿದೆಯೋ ಅವರೇ ಸ್ಪಾನ್ಸರ್. ಶಾಲೆಯ ದಾಖಲೆಯಲ್ಲಿರುವುದೂ ಅದೇ ಹೆಸರು. ನಮ್ಮ ಮನೆಗಳಲ್ಲಿ ಅದು ಅಪ್ಪನದು. ಟ್ರಿಪ್ಪಿಗೆ ಹೋಗುವ ಅನುಮತಿ ಚೀಟಿಯಿಂದ ಹಿಡಿದು ಲೈಬ್ರರಿ ಕಾರ್ಡಿನವರೆಗೆ ಏಳು ವರ್ಷದಿಂದ "ಸ್ಪಾನ್ಸರ್ ಸಹಿ" ಎಂದು ಬರೆದ ಗೆರೆಯ ಮೇಲೆ ಆಲ್ವಿನ್ ಕೈಯಲ್ಲಿ ಸಹಿ ಹಾಕಿಸಿದವಳು ನಾನೇ. ಆದರೂ ಇದು ತಲೆಗೆ ಹೊಳೆಯಲಿಲ್ಲ! ಮಕ್ಕಳಿಗೆ ಜ್ವರ ಬಂದರೆ ಕರೆಯುವುದು ನಮ್ಮನ್ನು, ಜಡೆ ಸರಿಯಿಲ್ಲದಿದ್ದರೆ ಬೈಯುವುದು ನಮಗೆ. ಶಾಲೆ ನಮ್ಮದೇ ಅಂದುಕೊಂಡಿದ್ದೆವು.

ನೂರ ಹನ್ನೆರಡರಲ್ಲಿ ಲೆಕ್ಕಕ್ಕೆ ಬಂದದ್ದು ನಾಲ್ಕು. ನಾಲ್ವರೂ ನರ್ಸುಗಳು, ಗಂಡ-ಮಕ್ಕಳ ವೀಸಾ ಅವರ ಕೆಲಸದ ಮೇಲೆಯೇ ಇದೆ.

"ನನ್ನ ಮನೆಯಲ್ಲೂ ಸ್ಪಾನ್ಸರ್ ನಾನೇ" ಎಂದು ಸುಸನ್ ಮ್ಯಾಡಮ್ ನಕ್ಕರು. ನಗಲಿ, ಅವರಿಗೇನು. ಕಾಂತಮ್ಮ ಫೈಲನ್ನು ಎದೆಗೆ ಒತ್ತಿಕೊಂಡು, "ನನ್ ಸ್ಪಾನ್ಸರ್ರು ತೀರ್ಕೊಂಡು ಹನ್ನೊಂದ್ ವರ್ಸ ಆಯ್ತು ಕಣಮ್ಮ, ಈಗೇನ್ ಮಾಡ್ಲಿ?" ಎಂದು ಕೇಳಿದರು.

ಫೆಬ್ರವರಿ 2, ಭಾನುವಾರ

ಹೊಸ ಯೋಜನೆ. ಪ್ರತಿಯೊಬ್ಬಳೂ ತನ್ನ ತನ್ನ ಸ್ಪಾನ್ಸರನ್ನು ಗೆಲ್ಲಬೇಕು. ಗುಂಪಿಗೆ ವರದಿಗಳು ಬರುತ್ತಿವೆ.

ರಾಜೀವಿ ಕೋರಿ ರೊಟ್ಟಿ ಮಾಡಿದಳಂತೆ. ಅವಳ ಗಂಡ ಸರ್ವೋತ್ತಮ ಮೂರು ಸಲ ಬಡಿಸಿಕೊಂಡು, ಕೈ ತೊಳೆದು, "ಯೋಚನೆ ಮಾಡುವ" ಅಂದರಂತೆ. ಮೂರನೇ ಮಹಡಿಯವಳ ಗಂಡ ಅವಳು ಮಾತು ಮುಗಿಸುವ ಮೊದಲೇ ಒಪ್ಪಿದನಂತೆ. ಅದಕ್ಕೆ ಅವಳಿಗೆ ಈಗ ಬೇರೆಯೇ ಸಂಶಯ.

ನನ್ನದು ಸುಲಭದ ಕೇಸು. ಹೂಂ ಅನ್ನುವ ಗಂಡ. ಎಚ್ಚರ ಇರುವಾಗ ಸಿಕ್ಕಿದರೆ ಸಾಕು.

ಫೆಬ್ರವರಿ 4, ಮಂಗಳವಾರ

ಉದ್ದ ಬರೆಯಬೇಕು, ಮನಸ್ಸು ಸರಿಯಿಲ್ಲ.

ಎಚ್ಚರ ಇರುವಾಗ ಹಿಡಿಯಬೇಕೆಂದು ಆರೂಕಾಲಿಗೆ ಫೋನು ಮಾಡಿದೆ. ಎಲ್ಲಿದ್ದೀರಿ?

"ಮನೆಯ ಕೆಳಗೆ."

ಕೆಳಗೆ! ಆರೂಕಾಲಿಗೆ ಕೆಳಗಿರುವ ಮನುಷ್ಯ ಎಂಟೂಕಾಲಿಗೆ ಮೇಲೆ ಬರುವುದು ಎಂದರೇನು? ಚಪ್ಪಲಿ ಸಿಕ್ಕಿಸಿಕೊಂಡು ಇಳಿದೆ. ಕಾರು ಬಿಲ್ಡಿಂಗಿನ ಎದುರು ನಿಧಾನ ಹೋಗುತ್ತಿತ್ತು. ಹತ್ತಿ ಕೂತೆ. ಕೆಫೆಟೇರಿಯಾ ತೋರಿಸಿ, ನಾನೂ ನಿಮ್ಮ ಗೆಳೆಯರನ್ನು ನೋಡುತ್ತೇನೆ ಅಂದೆ.

"ಯಾವ ಕೆಫೆಟೇರಿಯಾ?" ಅಂದರು. ಕಾರು ಬಲಕ್ಕೆ ತಿರುಗಿತು, ಫಾರ್ಮಸಿ ದಾಟಿತು, ಮತ್ತೆ ಬಲಕ್ಕೆ, ಹೋಟೆಲಿನ ಹಿಂದೆ, ಮತ್ತೆ ಬಲಕ್ಕೆ. ಪುನಃ ನಮ್ಮ ಬಿಲ್ಡಿಂಗು. ಪುನಃ ಫಾರ್ಮಸಿ. ಪಾರ್ಕಿಂಗ್ ಹುಡುಕುತ್ತಿದ್ದರು. ದಿನವೂ ಇದೇ ಅಂತೆ. ಯಾವ ಕಾರು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಬಾಯಿಪಾಠ ಆಗಿದೆ. "ಆ ಬಿಳಿ ಕಾರು ನೋಡು, ಹೋಟೆಲಿನ ಸೆಕ್ಯೂರಿಟಿಯವನದು. ಏಳೂ ನಲವತ್ತಕ್ಕೆ ಡ್ಯೂಟಿಗೆ ಹೋಗ್ತಾನೆ. ಆದರೆ ಅವನ ಜಾಗಕ್ಕೆ ನಾಲ್ಕು ಜನ ಕಾಯ್ತಾ ಇದ್ದಾರೆ."

ಕನ್ನಡಿಗೆ ಜಪಮಾಲೆ ತೂಗುತ್ತಿತ್ತು. ಒಂದು ಸುತ್ತಿಗೆ ಹತ್ತು ಮಣಿಯಂತೆ. ಜಾಗ ಸಿಗುವುದರೊಳಗೆ ಒಂದು ತೇರ್ಸ್, ಇಡೀ ಜಪಮಾಲೆಯ ಪ್ರಾರ್ಥನೆ, ಪೂರ್ತಿ ಆಗುತ್ತದಂತೆ, ಕೆಲವು ದಿನ ಎರಡು. ಸಂಜೆಯ ತೇರ್ಸಿಗೆ ಮನೆಯಲ್ಲಿ ಇರುವುದಿಲ್ಲ, ದೇವರ ಭಯ ಇಲ್ಲ ಎಂದು ನಾನು ಊರಿನ ಅತ್ತೆಯವರಿಗೂ ದೂರು ಹೇಳಿದ್ದೆ.

"ಯಾಕೆ ಹೇಳಲಿಲ್ಲ?"

"ಯಾಕೆ ತಡ ಅಂತ ನೀನು ಕೇಳ್ತಿ. ಉತ್ತರಕ್ಕೆ ನಿಲ್ಲುದಿಲ್ಲ ಅಲ್ವಾ."

ಆರನೇ ಸುತ್ತಿನಲ್ಲಿ ಸಂಚಾಲಕಿಯ ಕರ್ತವ್ಯ ನೆನಪಾಯಿತು. ಶಾಲೆಯ ಫಾರ್ಮಿಗೆ ಬೇಡ ಅಂತ ಟಿಕ್ ಹಾಕಿ ಸಹಿ ಮಾಡಬೇಕು ಅಂದೆ. ಅವರು ಸಿಗ್ನಲಿನಲ್ಲಿ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ವೆಲಿಟಾ, ನಾನು ಬೇಕು ಅಂತ ಹಾಕುವ ಅಂತ ಇದ್ದೇನೆ. ಶಾಲೆ ಅಲ್ಲಿಗೆ ಹೋದರೆ ಮನೆಯೂ ಅಲ್ಲಿಗೆ ಮಾಡಬಹುದು. ಅಲ್ಲಿಂದ ನನ್ನ ಆಫೀಸಿಗೆ ಹತ್ತು ನಿಮಿಷ. ಬಾಗಿಲ ಎದುರೇ ಕಾರು ನಿಲ್ಲಿಸಬಹುದು. ನಂಗೆ ಸಾಕಾಗಿದೆ ಮಾರಾಯ್ತಿ."

ಜಾಗ ಸಿಕ್ಕಿದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ, ಮನೆಯಿಂದ ಮೂರು ಬಿಲ್ಡಿಂಗು ಆಚೆ. ಇಬ್ಬರೂ ಹಿಂದೆ ಮುಂದೆ ನಡೆದು ಬಂದೆವು.

ಫೆಬ್ರವರಿ 5, ಬುಧವಾರ

ಮಾತು ಬಂದ್. ಮನೆಯೊಳಗೇ ಕ್ಲೈವ್!

ಫೆಬ್ರವರಿ 7, ಶುಕ್ರವಾರ

ಮಾತಿಲ್ಲ ಎಂದರೂ ಕಿಟಕಿಯಿಂದ ನೋಡುವುದಕ್ಕೆ ಏನು. ಆರೂ ಇಪ್ಪತ್ತಕ್ಕೆ ನಮ್ಮ ಬೂದು ಕಾರು ಮೊದಲ ಸಲ ಹೋಯಿತು. ಆಮೇಲೆ ಅನ್ನ ಬೇಯುವಷ್ಟರಲ್ಲಿ ಐದು ಸಲ. ಮೇಲಿನಿಂದ ನೋಡಿದರೆ ಫಾರ್ಮಸಿಯ ಎದುರು ಒಂದು ಜಾಗ ಖಾಲಿ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಕಿಟಕಿಯಿಂದ ಕೂಗಿದರೆ ಕೇಳುತ್ತದೆಯೇ?

ಫ್ಲಾಸ್ಕಿನಲ್ಲಿ ಶುಂಠಿ ಚಹಾ ಹಾಕಿ ಫುಟ್‌ಪಾತಿನಲ್ಲಿ ನಿಂತೆ. ಕಾರು ನಿಧಾನ ಆದಾಗ ಕಿಟಕಿಯಿಂದ ಕೊಟ್ಟೆ. ಹಿಂದಿನವನು ಹಾರ್ನ್ ಹಾಕಿದ. ಪ್ರಚಾರದಲ್ಲಿ ಮತದಾರರಿಗೆ ಚಹಾ ಕೊಡುವುದು ಎಲ್ಲ ಕಡೆ ಇದ್ದದ್ದೇ, ಇದರಲ್ಲಿ ಬೇರೆ ಅರ್ಥ ಇಲ್ಲ.

ಫೆಬ್ರವರಿ 10, ಸೋಮವಾರ

ಇವತ್ತು ಏಳಕ್ಕೇ ಊಟ! ಆರು ಗಂಟೆಗೆ ನಮ್ಮ ಬಿಲ್ಡಿಂಗಿನ ಎದುರೇ ಒಂದು ಕಾರು ಹೊರಟಿತು. ನಾನು ಆಗ ಕಸ ಹಾಕಲು ಇಳಿದಿದ್ದೆ. ಓಡಿ ಹೋಗಿ ಆ ಜಾಗದ ನಡುವೆ ನಿಂತುಬಿಟ್ಟೆ, ಕೈಯಲ್ಲಿ ಕಸದ ಚೀಲದೊಂದಿಗೆ. ಒಬ್ಬ ದೊಡ್ಡ ಲ್ಯಾಂಡ್ ಕ್ರೂಸರಿನವನು ಬಂದು ಹಾರ್ನ್ ಹಾಕಿದ. "ಮಾಫಿ! ಮೈ ಹಸ್ಬೆಂಡ್ ಕಮಿಂಗ್!" ಅಂದೆ, ಇಲ್ಲ ಎನ್ನಲು ನನಗೆ ಗೊತ್ತಿರುವ ಅರಬಿ ಅದೊಂದೇ. ಅವನು ಅರಬಿಯಲ್ಲಿ ಏನೋ ಅಂದ. ನಾನು ಕೊಂಕಣಿಯಲ್ಲಿ ಹೇಳಿದೆ. ಕೊನೆಗೆ ಅವನೇ "ಖಲಾಸ್, ಮಮ್ಮಾ, ಖಲಾಸ್" ಎಂದು ಕೈಮುಗಿದು ಹೋದ. ಹದಿನೆಂಟು ನಿಮಿಷ ನಿಂತಿದ್ದೆ. ಇದು ತಪ್ಪು ಎಂದು ಗೊತ್ತು, ಪೊಲೀಸರು ನೋಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ಮೂವರೂ ಒಟ್ಟಿಗೆ ಕೂತು ಉಂಡೆವು. ಆಲ್ವಿನ್ ಎರಡು ಸಲ ಅನ್ನ ಹಾಕಿಸಿಕೊಂಡರು, ಸ್ಟೇಸಿಯ ಗಣಿತ ನೋಡಿದರು. ಕಣ್ಣು ಎರಡೂ ತೆರೆದೇ ಇದ್ದವು. ಅವರ ಕಣ್ಣಿನ ಬಣ್ಣ ಅಷ್ಟು ತಿಳಿ ಎಂದು ಮರೆತೇ ಹೋಗಿತ್ತು.

ಆರೂವರೆಗೆ ರಾಜೀವಿಯ ಮನೆಯಲ್ಲಿ ಮತದಾನಕ್ಕೆ ಮೊದಲಿನ ಕೊನೆಯ ಸಭೆ ಇತ್ತಂತೆ. ನಾನೇ ಕರೆದದ್ದು. ಪೂರ್ತಿ ಮರೆತಿದ್ದೆ. ತಲೆನೋವು ಎಂದು ಮೆಸೇಜು ಹಾಕಿದೆ.

ಫೆಬ್ರವರಿ 12, ಬುಧವಾರ

ಬೆಳಗ್ಗೆ ಮೇಜಿನ ಮೇಲೆ ಫಾರ್ಮ್. ಕೆಳಗೆ ಸ್ಪಾನ್ಸರ್ ಸಹಿ, ಆಲ್ವಿನ್ ಅವರ ದುಂಡು ಅಕ್ಷರ. ಮೇಲಿನ ಎರಡು ಚೌಕ, 'ಸೇರಲಿ' ಮತ್ತು 'ಬೇಡ', ಎರಡೂ ಖಾಲಿ.

"ಟಿಕ್ ಹಾಕಲಿಲ್ಲವಲ್ಲ?" ಎಂದೆ. ಎಂಟು ದಿನದಲ್ಲಿ ನಾನು ಆಡಿದ ಮೊದಲ ಉದ್ದದ ಮಾತು.

"ಏಳು ವರ್ಷ ಆ ಶಾಲೆಗೆ ನಡೆದದ್ದು ನೀನು. ನೀನೇ ಹಾಕು" ಎಂದು ಶೂ ಹಾಕಿಕೊಂಡು ಹೋದರು.

ಎಂಥ ಮನುಷ್ಯ! ಜಗಳ ಮಾಡಿದ್ದರೆ ಗೆಲ್ಲುತ್ತಿದ್ದೆ. ಇದಕ್ಕೆ ಏನು ಮಾಡುವುದು?

ಫೆಬ್ರವರಿ 13, ಗುರುವಾರ

ಫಾರ್ಮ್ ಹಾಕುವ ಪೆಟ್ಟಿಗೆ ಇಟ್ಟದ್ದು ಕೆಜಿ ಒಂದರ ಕೋಣೆಯಲ್ಲಿ. ಸ್ಟೇಸಿ ಮೊದಲ ದಿನ ನನ್ನ ಚೂಡಿದಾರದ ತುದಿ ಬಿಡದೆ ಅತ್ತ ಕೋಣೆ. ಗಿಡ್ಡ ಕುರ್ಚಿಯಲ್ಲಿ ಕೂತು ಪೆನ್ನು ತೆಗೆದೆ. ಕೂತವಳಿಗೆ ಅಳು ಬಂತು, ಅತ್ತೆ. ಈ ಶಾಲೆ ನನಗೆ ಬೇಕಿತ್ತು. ನನ್ನ ಮಗಳಿಗೆ ಎಷ್ಟು ಬೇಕಿತ್ತೋ ಗೊತ್ತಿಲ್ಲ, ನನಗೆ ಬೇಕಿತ್ತು.

'ಸೇರಲಿ' ಎಂಬ ಚೌಕಕ್ಕೆ ಟಿಕ್ ಹಾಕಿದೆ. ಮತ್ತೆ ಮನಸ್ಸು ಬದಲಾಗದ ಹಾಗೆ ಗಟ್ಟಿಯಾಗಿ ಹಾಕಿದೆ, ಕಾಗದ ಸ್ವಲ್ಪ ತೂತಾಯಿತು. ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ತಳ್ಳಿದೆ.

ಹೊರಗೆ ರಾಜೀವಿ. "ಹಾಕಿದ್ಯಾ?"

"ಹಾಕಿದೆ."

"ಎಂತ, ಅತ್ತಿದ್ದಿ?" ಎಂದು ತಬ್ಬಿಕೊಂಡಳು. "ನಾವು ಗೆಲ್ತೇವೆ, ಹೆದರಬೇಡ."

ಇಂಥ ಸಂಚಾಲಕಿ ಶತ್ರುವಿಗೂ ಸಿಗಬಾರದು.

ಫೆಬ್ರವರಿ 17, ಸೋಮವಾರ

ಫಲಿತಾಂಶ. ಸೇರಲಿ: 197. ಬೇಡ: 41.

ಗುಂಪಿನಲ್ಲಿ ಶೋಕಾಚರಣೆ. ರಾಜೀವಿಯ ವಾಯ್ಸ್ ಮೆಸೇಜು ಮೂರು ನಿಮಿಷ, ಅರ್ಧ ತುಳು, ಅರ್ಧ ಅಳು. "ನಮ್ಮ ನೂರ ಹನ್ನೆರಡು ಎಲ್ಲಿ ಹೋಯ್ತು?" ಎಂದು ಕಾಂತಮ್ಮ ಒಬ್ಬರೇ ಕೇಳಿದರು. ಉತ್ತರಕ್ಕೆ ಎಲ್ಲರೂ ಅಳುವ ಮುಖದ ಚಿತ್ರ ಹಾಕಿದೆವು. ನಾನು ಐದು ಹಾಕಿದೆ.

ಫೆಬ್ರವರಿ 20, ಗುರುವಾರ

ಆಲ್ವಿನ್ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ! ನಾನು ಏನು ಟಿಕ್ ಹಾಕಿದೆ ಎಂದು ಕೇಳಲೇ ಇಲ್ಲ. ಕೇಳುವುದು ಯಾಕೆ, ಬೇಡ ಎಂದೇ ಹಾಕಿರುತ್ತೇನೆ ಎಂದು ಅವರಿಗೆ ಗೊತ್ತು. ಸೋಮವಾರ ಬಿರಿಯಾನಿ ತಂದರು. ಮಂಗಳವಾರದಿಂದ ಪಾತ್ರೆ ತೊಳೆಯುತ್ತಿದ್ದಾರೆ. ನಿನ್ನೆ ನನ್ನ ತಾಯಿಗೆ ಅವರಾಗಿಯೇ ಫೋನು ಮಾಡಿ "ವೆಲಿಟಾಗೆ ಸ್ವಲ್ಪ ಬೇಸರ ಉಂಟು, ನೀವು ಮಾತಾಡಿ" ಅಂದರು.

ಹೇಳಬೇಕು. ಆದರೆ ತವೆಯ ಕಪ್ಪು ಕಲೆ ಸಹ ಹೋಗುವ ಹಾಗೆ ತಿಕ್ಕುತ್ತಾರೆ. ನಾಳೆ ಹೇಳುತ್ತೇನೆ.

ಫೆಬ್ರವರಿ 22, ಶನಿವಾರ

ಮೂವರೂ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಹೋಗಿ ಒಂದು ಫ್ಲಾಟು ನೋಡಿದೆವು. ಸಮಾಧಾನ ದಾರಿಯುದ್ದಕ್ಕೂ ನಡೆಯಿತು. "ನೋಡು, ನಡೆಯಲಿಕ್ಕೆ ಒಳ್ಳೆ ಜಾಗ. ನೋಡು, ಮೀನಿನ ಅಂಗಡಿ." ಶಾಲೆಗೆ ಅಲ್ಲಿಂದ ನಡೆದು ಹನ್ನೆರಡು ನಿಮಿಷ. ಅದೇ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಸರ್ವೋತ್ತಮರು ಟೇಪು ಹಿಡಿದು ಪರದೆಗೆ ಅಳತೆ ತೆಗೆಯುತ್ತಿದ್ದರು, ಪಕ್ಕದಲ್ಲಿ ರಾಜೀವಿ. ನನ್ನನ್ನು ನೋಡಿ ಬಿಳಿಚಿಕೊಂಡಳು. ಸುಮ್ಮನೆ ನೋಡಲು ಬಂದದ್ದು ಮಾರಾಯ್ತಿ, ಅಂದಳು. ನಾವೂ ಅಷ್ಟೇ ಅಂದೆ.

ಕಾರಿನಲ್ಲಿ ಕೂತ ಮೇಲೆ ಆಲ್ವಿನ್ ಹೊರಡಲಿಲ್ಲ. ಸ್ಟೀರಿಂಗ್ ಹಿಡಿದು ಹೇಳಿದರು, "ವೆಲಿಟಾ, ನಾವು ಬರುದು ಬೇಡ. ಸ್ಟೇಸಿ ಬಸ್ಸಿನಲ್ಲಿ ಬರಲಿ. ನಿನ್ನ ಜನ, ನಿನ್ನ ದಾರಿ ಎಲ್ಲ ಅಲ್ಲೇ ಉಂಟಲ್ಲ. ನನ್ನ ಸುತ್ತು ನಂಗೆ ಅಭ್ಯಾಸ ಆಗಿದೆ."

ಇನ್ನು ತಡೆಯಲಾಗಲಿಲ್ಲ.

"ಸೇರಲಿ ಅಂತ ಟಿಕ್ ಹಾಕಿದ್ದು ನಾನೇ."

ಅವರು ನನ್ನನ್ನು ನೋಡಿದರು. "ಮತ್ತೆ ಐದು ದಿನದಿಂದ ನಾನು ಪಾತ್ರೆ ತೊಳೀತಾ ಇದ್ದದ್ದು?"

"ಚೆನ್ನಾಗಿ ತೊಳೀತೀರಿ."

ನಗಲಿಲ್ಲ. "ಹಾಗಾದರೆ ನಿಂಗೆ ಬೇಸರ ಇಲ್ವಾ?"

"ಉಂಟು. ತುಂಬಾ ಉಂಟು. ಆದರೆ ನೀವು ಏಳು ಗಂಟೆಗೆ ಊಟಕ್ಕೆ ಕೂತುಕೊಳ್ಳುದು ನಂಗೆ ಅದಕ್ಕಿಂತ ಹೆಚ್ಚು ಬೇಕು" ಅಂದೆ. ಮದುವೆಯಾಗಿ ಹದಿನೈದು ವರ್ಷದಲ್ಲಿ ಇಂಥ ಮಾತು ನಾನು ಹೇಳಿದವಳಲ್ಲ. ಅವರು ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಹಿಂದಿನ ಸೀಟಿನಲ್ಲಿ ಒಬ್ಬಳು ಇದ್ದಾಳೆಂದು ಇಬ್ಬರೂ ಮರೆತಿದ್ದೆವು. "ಓ ಮೈ ಗಾಡ್, ಮಮ್ಮಾ! ಯೂ ವೋಟೆಡ್ ಯೆಸ್? ರಾಜೀವಿ ಆಂಟಿಗೆ ಗೊತ್ತುಂಟಾ?"

ಯಾರಿಗೂ ಹೇಳಬಾರದು ಎಂದು ಆಣೆ ಕೇಳಿದೆ. ಸ್ಟೇಸಿ ಯೋಚಿಸಿದಳು. ಒಂದು ಕಂಡಿಷನ್ ಅಂತೆ. ಹೊಸ ಶಾಲೆಗೆ ಅವಳು ಒಬ್ಬಳೇ ನಡೆದು ಹೋಗುತ್ತಾಳೆ. ನಾನು ಹಿಂದೆ ಬರಬಾರದು, ಐವತ್ತು ಹೆಜ್ಜೆ ದೂರದಲ್ಲಿಯೂ.

ಹೊಸ ದಾರಿ, ದೊಡ್ಡ ರಸ್ತೆ, ಒಂದು ತಿಂಗಳು ಬರುತ್ತೇನೆ ಅಂದೆ. ಆಗುವುದಿಲ್ಲ ಅಂದಳು. ಎರಡು ವಾರ? ಇಲ್ಲ. ಒಂದು ವಾರವಾದರೂ? ಆಲ್ವಿನ್ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಸಿಗ್ನಲಿನಿಂದ ಸಿಗ್ನಲಿಗೆ ಚೌಕಾಸಿ ಮಾಡುತ್ತಾ ಬಂದು, ಮನೆ ಮುಟ್ಟುವಾಗ ಮೂರು ದಿನ ಸಿಕ್ಕಿತು.

ಏಪ್ರಿಲ್ ಏಳಕ್ಕೆ ಹೊಸ ಶಾಲೆ ಶುರು. ಏಳು, ಎಂಟು, ಒಂಬತ್ತು. ಡೈರಿಯ ಆ ಮೂರು ಪುಟಗಳ ಮೇಲೆ ಈಗಲೇ ಗುರುತು ಹಾಕಿಟ್ಟಿದ್ದೇನೆ.